ಊಟದ ಕಾಯಿಲೆ, ಉಪವಾಸ, ಪ್ರಾರ್ಥನೆ: ಉತ್ತರ ಕನ್ನಡದ ಕ್ರೈಸ್ತ ಕುಟುಂಬಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಅನೊರೆಕ್ಸಿಯಾ (ಊಟ ಬಿಟ್ಟು ಸೊರಗುವುದು), ಬುಲಿಮಿಯಾ (ಒಮ್ಮೆಲೇ ತಿಂದು ವಾಂತಿ ಮಾಡುವುದು ಅಥವಾ ಬೇರೆ ದಾರಿಯಲ್ಲಿ ಹೊರಹಾಕುವುದು), ಬಿಂಜ್ ಈಟಿಂಗ್ (ತಡೆಯಲಾಗದೆ ತಿನ್ನುವುದು), ಈ ಮೂರನ್ನೂ ಇಲ್ಲಿ ಊಟದ ಕಾಯಿಲೆ ಎಂದೇ ಕರೆದಿದ್ದೇವೆ. ಕ್ಯಾಲೊರಿ, ತೂಕದ ಅಂಕಿಗಳನ್ನು ಬೇಕೆಂದೇ ಬಿಟ್ಟಿದ್ದೇವೆ. ಕಾಯಿಲೆ ಇದ್ದವರ ಕಣ್ಣಿಗೆ ಅಂಥ ಅಂಕಿ ಬಿದ್ದರೆ ಅದನ್ನೇ ಗುರಿ ಮಾಡಿಕೊಳ್ಳುತ್ತಾರೆ.

ಗಟ್ಟಿಯಾಗಿ ಪ್ರಾರ್ಥಿಸಿದರೆ ಸಾಲದೇ? ವಿಶ್ವಾಸ ಇದ್ದವರಿಗೂ ಇದು ಬರುತ್ತದೆಯೇ?

ಬರುತ್ತದೆ. 1944-45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟು ಗಮನಿಸಿದರು. ಸ್ವಯಂಪ್ರೇರಿತರಾಗಿ ಬಂದ ಆ ಯುವಕರು ಯುದ್ಧ ಮಾಡಲು ಮನಸ್ಸಾಕ್ಷಿ ಒಪ್ಪದೆ ಸೇನೆಗೆ ಹೋಗದೆ ಉಳಿದವರು. ಅನೇಕರು ಕ್ವೇಕರ್, ಮೆನೊನೈಟ್, ಬ್ರೆದರನ್ ಸಭೆಗಳ ದೃಢ ವಿಶ್ವಾಸಿಗಳು. ಆದರೂ ವಾರಗಳು ಉರುಳಿದಂತೆ ಅವರು ತಟ್ಟೆ ನೆಕ್ಕತೊಡಗಿದರು, ಅಡುಗೆ ಪುಸ್ತಕ ಕೂಡಿಡತೊಡಗಿದರು, ಸಿಡುಕಿದರು, ಗೆಳೆಯರಿಂದ ದೂರವಾದರು. ಮತ್ತೆ ಹೊಟ್ಟೆತುಂಬ ಸಿಕ್ಕಾಗ ಕೆಲವರಿಗೆ ನಿಲ್ಲಿಸಲೇ ಆಗಲಿಲ್ಲ. ಹಸಿದ ಮಿದುಳು ಎಲ್ಲರಲ್ಲೂ ಹೀಗೇ ನಡೆದುಕೊಳ್ಳುತ್ತದೆ, ವಿಶ್ವಾಸದ ಬಲ ಎಷ್ಟೇ ಇರಲಿ.

ಹಾಗಾಗಿ ಮೊದಲು ಊಟ, ಜೊತೆಗೆ ವೈದ್ಯರು. ದಿನಕ್ಕೆ ಐದಾರು ಸಲದ ಊಟವನ್ನೂ ಚಿಕಿತ್ಸೆಯನ್ನೂ ತಿಂಗಳುಗಟ್ಟಲೆ ತಾಳಿಕೊಳ್ಳುವ ಬಲಕ್ಕೆ ಪ್ರಾರ್ಥನೆ. ಹೋರೇಬ್ ಬೆಟ್ಟದ ದಾರಿಯಲ್ಲಿ ಸಾಯಬೇಕೆಂದು ಮಲಗಿದ ಎಲೀಯನಿಗೆ ದೇವದೂತ ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಇಟ್ಟು ಎದ್ದು ತಿನ್ನು ಎಂದ. ಅವನು ತಿಂದು ಮತ್ತೆ ಮಲಗಿದಾಗ ಇನ್ನೊಮ್ಮೆ ಎಬ್ಬಿಸಿ ತಿನ್ನಿಸಿದ (1 ಅರಸುಗಳು 19). ಅದೇ ಕ್ರಮ ಇಲ್ಲಿಯೂ.

ಬರೀ ಡಯಟ್ಟೋ, ಕಾಯಿಲೆಯೋ ಎಂದು ಗುರುತಿಸುವುದು ಹೇಗೆ?

ತೂಕಕ್ಕಿಂತ ನಡವಳಿಕೆ ನೋಡಿ. ಒಂದೊಂದೇ ಪದಾರ್ಥ ಬಿಡುತ್ತಾ ಹೋಗುವುದು: ಮೊದಲು ಸಿಹಿ, ಆಮೇಲೆ ಎಣ್ಣೆ, ಆಮೇಲೆ ಅನ್ನ. ಮನೆಯವರಿಗೆಲ್ಲ ಅಡುಗೆ ಮಾಡಿ ಬಡಿಸಿ ತಾನು ಮಾತ್ರ "ಆಗಲೇ ತಿಂದೆ" ಎನ್ನುವುದು. ಊಟ ಮುಗಿದ ಕೂಡಲೇ ಬಚ್ಚಲು ಮನೆ, ನಲ್ಲಿ ಸದ್ದು. ಸೆಖೆಯಲ್ಲೂ ದಪ್ಪ ಬಟ್ಟೆ, ಚಳಿ ಎಂಬ ದೂರು. ಹುಡುಗಿಯರಲ್ಲಿ ಮುಟ್ಟು ನಿಲ್ಲುವುದು. ಬೆರಳ ಗೆಣ್ಣಿನ ಮೇಲೆ ಹಲ್ಲು ತಾಗಿ ಆದ ಗಾಯ, ಕಿವಿಯ ಕೆಳಗೆ ಕೆನ್ನೆ ಊದಿಕೊಳ್ಳುವುದು ಪದೇ ಪದೇ ವಾಂತಿ ಮಾಡುವುದರ ಗುರುತು.

ಸಪೂರ ಇಲ್ಲದವರಿಗೂ ಈ ಕಾಯಿಲೆ ಬರುತ್ತದೆ. ಬುಲಿಮಿಯಾ ಇರುವ ಹೆಚ್ಚಿನವರು ನೋಡಲು ಸಾಧಾರಣ ಮೈಕಟ್ಟಿನವರೇ. ಹುಡುಗರಿಗೂ ಬರುತ್ತದೆ, ಅವರಲ್ಲಿ ಅದು ಜಿಮ್ಮು, ಓಟ, "ಬಾಡಿ ಬಿಲ್ಡಿಂಗ್" ಎಂಬ ವೇಷದಲ್ಲಿರುವುದರಿಂದ ಯಾರೂ ಕೇಳುವುದಿಲ್ಲ.

ಕ್ರೈಸ್ತ ಮನೆಗಳಲ್ಲಿ ಇನ್ನೊಂದು ವೇಷವಿದೆ. ತಪಸ್ಸು ಕಾಲಕ್ಕೆಂದು (ಈಸ್ಟರ್‌ಗೆ ಮುಂಚಿನ ನಲವತ್ತು ದಿನ) ಬಿಟ್ಟ ಊಟ ಈಸ್ಟರ್ ಕಳೆದರೂ ಮರಳದಿದ್ದರೆ, ಶುಕ್ರವಾರದ ಮಾಂಸವರ್ಜನೆ ವಾರದ ಏಳೂ ದಿನಕ್ಕೆ ಹಬ್ಬಿದರೆ, ಉಪವಾಸ ತಪ್ಪಿದ ದಿನ ಪಶ್ಚಾತ್ತಾಪದ ಬದಲು ಭಯ ಕಂಡರೆ ಅದು ಭಕ್ತಿಯಲ್ಲ ಎಂದು ತಿಳಿಯಿರಿ.

ಯಾವ ಲಕ್ಷಣ ಕಂಡರೆ ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು?

ಎಚ್ಚರವಿರುವಾಗಲೇ ನಾಡಿ ನಿಮಿಷಕ್ಕೆ 50ಕ್ಕಿಂತ ಕೆಳಗಿದ್ದರೆ. ಎದ್ದು ನಿಂತರೆ ಕಣ್ಣು ಕತ್ತಲೆ, ಮೂರ್ಛೆ. ಎದೆ ಬಡಿತ ತಪ್ಪಿದಂತಾಗುವುದು, ಎದೆನೋವು. ವಾಂತಿಯಲ್ಲಿ ರಕ್ತ. ಮಾಂಸಖಂಡ ಸೋತು ಮೆಟ್ಟಿಲು ಹತ್ತಲಾಗದಿರುವುದು, ಕುಳಿತಲ್ಲಿಂದ ಕೈಯೂರದೆ ಏಳಲಾಗದಿರುವುದು. ನೀರನ್ನೂ ಕುಡಿಯದಿರುವುದು. ಸಾಯುವ ಮಾತು. ಇವುಗಳಲ್ಲಿ ಒಂದಿದ್ದರೂ 108ಕ್ಕೆ ಕರೆ ಮಾಡಿ. ಸಂಜೆಯ ಜಪಸರ ಮುಗಿಯಲಿ ಎಂದು ಕಾಯಬೇಡಿ, ದಾರಿಯಲ್ಲೇ ಹೇಳಬಹುದು.

ಎಲ್ಲಿಗೆ ಹೋಗಬೇಕು? ಯಾವ ಪರೀಕ್ಷೆ ಕೇಳಬೇಕು?

ಊಟದ ಕಾಯಿಲೆಗೆಂದೇ ಇರುವ ಕೇಂದ್ರ ಹುಡುಕುತ್ತಾ ತಿಂಗಳು ಕಳೆಯಬೇಡಿ. ಕಾರವಾರ ಸುತ್ತಲಿನವರು ಕಾರವಾರದ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಯಿಂದ ಶುರು ಮಾಡಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ (ಮಾನಸಿಕ ಆರೋಗ್ಯ ತಪಾಸಣೆ) ನಡೆಯುತ್ತಿದೆಯೇ ಎಂದು ವಿಚಾರಿಸಿ. ಹಳಿಯಾಳ, ಮುಂಡಗೋಡ, ಯಲ್ಲಾಪುರದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಜಟಿಲವಾದರೆ ಬೆಂಗಳೂರಿನ ನಿಮ್ಹಾನ್ಸ್. ಮಾತಾಡಿ ದಾರಿ ಕೇಳಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಸಿಗುತ್ತದೆ.

ಇಸಿಜಿ, ರಕ್ತದಲ್ಲಿ ಪೊಟ್ಯಾಸಿಯಂ, ಫಾಸ್ಫೇಟ್, ಮೆಗ್ನೀಸಿಯಂ, ಸಕ್ಕರೆ, ಹಿಮೋಗ್ಲೋಬಿನ್. ಮಲಗಿದಾಗ ಮತ್ತು ನಿಂತಾಗ ನಾಡಿ, ರಕ್ತದೊತ್ತಡ. ಇಷ್ಟನ್ನು ಹೆಸರು ಹೇಳಿಯೇ ಕೇಳಿ, ಫಾಸ್ಫೇಟ್ ಎಷ್ಟೋ ಸಲ ಬಿಟ್ಟುಹೋಗುತ್ತದೆ. ರಕ್ತದ ವರದಿ ನಾರ್ಮಲ್ ಬಂತೆಂದರೆ ಕಾಯಿಲೆ ಇಲ್ಲವೆಂದಲ್ಲ. ತೀರಾ ಸೊರಗಿದವರಲ್ಲೂ ವರದಿ ಸರಿಯಾಗಿಯೇ ಬರಬಹುದು. "ಗ್ಯಾಸ್ಟ್ರಿಕ್" ಎಂದು ಮಾತ್ರೆ ಬರೆದು ಕಳಿಸಿದರೆ, ಊಟ ಬಿಟ್ಟಿರುವುದನ್ನೂ ವಾಂತಿ ಮಾಡುವುದನ್ನೂ ಬಾಯಿಬಿಟ್ಟು ಹೇಳಿದ್ದೀರಾ ಎಂದು ಮೊದಲು ನಿಮ್ಮನ್ನೇ ಕೇಳಿಕೊಳ್ಳಿ. ನಾಚಿಕೆಯಿಂದ ಇದನ್ನು ಮುಚ್ಚಿಡುವ ಮನೆಗಳೇ ಹೆಚ್ಚು.

ಬುಲಿಮಿಯಾಗೆ ಫ್ಲುಒಕ್ಸೆಟಿನ್ ಮಾತ್ರೆ ಕೆಲಸ ಮಾಡುತ್ತದೆ. ಖಿನ್ನತೆಗೆ ಕೊಡುವುದಕ್ಕಿಂತ ಹೆಚ್ಚಿನ ಪ್ರಮಾಣ, ಸಾಮಾನ್ಯವಾಗಿ ದಿನಕ್ಕೆ 60 ಮಿಲಿಗ್ರಾಂ ಬೇಕಾಗುತ್ತದೆ. ಏರಿಸುವುದು, ಇಳಿಸುವುದು ವೈದ್ಯರ ಕೆಲಸ. ಅನೊರೆಕ್ಸಿಯಾದಲ್ಲಿ ಊಟದ ಜಾಗಕ್ಕೆ ನಿಲ್ಲುವ ಮಾತ್ರೆ ಇಲ್ಲ.

ಬಹಳ ದಿನ ಊಟ ಬಿಟ್ಟಿದ್ದಾಳೆ. ಇವತ್ತಿನಿಂದ ಹೊಟ್ಟೆತುಂಬ ತಿನ್ನಿಸಬಹುದೇ?

ಐದಾರು ದಿನ ಹೆಚ್ಚುಕಡಿಮೆ ಏನೂ ತಿಂದಿಲ್ಲದಿದ್ದರೆ, ಅಥವಾ ಕೆಲವೇ ತಿಂಗಳಲ್ಲಿ ತುಂಬ ಇಳಿದಿದ್ದರೆ, ವೈದ್ಯರನ್ನು ಕೇಳದೆ ಒಮ್ಮೆಲೇ ತಿನ್ನಿಸಬೇಡಿ. ಹಸಿದ ದೇಹಕ್ಕೆ ಅನ್ನ, ಬೆಲ್ಲ, ಗ್ಲೂಕೋಸ್ ಹಠಾತ್ತನೆ ಹೋದರೆ ಇನ್ಸುಲಿನ್ ಏರಿ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶಗಳೊಳಗೆ ನುಗ್ಗುತ್ತವೆ. ರಕ್ತದಲ್ಲಿ ಅವು ಕುಸಿದರೆ ಹೃದಯ ಲಯ ತಪ್ಪುತ್ತದೆ, ಉಸಿರಾಟ ಸೋಲುತ್ತದೆ. ಇದನ್ನು ರಿಫೀಡಿಂಗ್ ಸಿಂಡ್ರೋಮ್ ಎನ್ನುತ್ತಾರೆ. ಅಪಾಯ ಹೆಚ್ಚಿರುವುದು ಮರಳಿ ಊಟ ಶುರುವಾದ ಮೊದಲ ವಾರದಲ್ಲಿ. ಆಸ್ಪತ್ರೆಯಲ್ಲಿ ಮೊದಲು ಥಯಾಮಿನ್ (ಬಿ1) ಕೊಟ್ಟು, ರಕ್ತ ನೋಡುತ್ತಾ ಊಟ ಏರಿಸುತ್ತಾರೆ. ದೀರ್ಘ ಉಪವಾಸ ಪ್ರಾರ್ಥನೆ ಮುಗಿಸಿ ಬಂದವರಿಗೆ ಮನೆಯಲ್ಲಿ ಹಬ್ಬದ ಊಟ ಬಡಿಸುವುದೂ ಇದೇ ಕಾರಣಕ್ಕೆ ಅಪಾಯ.

ಹಾಗೆಂದು ಹೆದರಿ ತಿಂಗಳುಗಟ್ಟಲೆ ಬರೀ ಗಂಜಿ ತಿಳಿಯಲ್ಲಿ ಇಡುವುದೂ ತಪ್ಪು. ಹೆಚ್ಚಿನ ಮನೆಗಳಲ್ಲಿ ಆಗುವ ತಪ್ಪು ಇದೇ.

ದಿನದ ಊಟ ಹೇಗಿರಬೇಕು?

"ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ" ಎಂಬ ಗಾದೆಗೆ ಈ ಮನೆಯಲ್ಲಿ ಸದ್ಯ ಜಾಗವಿಲ್ಲ. ಇಲ್ಲಿ ಮೂರು ಊಟ, ಎರಡು ಮೂರು ತಿಂಡಿ. ಎರಡರ ನಡುವೆ ನಾಲ್ಕು ಗಂಟೆಗಿಂತ ಹೆಚ್ಚು ಅಂತರ ಬೇಡ. ಬಿಂಜ್ ಮತ್ತು ಬುಲಿಮಿಯಾ ಇದ್ದವರಿಗೂ ಇದೇ ನಿಯಮ. ಅವರಿಗೆ ಇದು ತಿರುಗಾ ಮುರುಗಾ ಅನ್ನಿಸುತ್ತದೆ. ನಿನ್ನೆ ರಾತ್ರಿ ಹೆಚ್ಚು ತಿಂದದ್ದಕ್ಕೆ ಇಂದು ಬೆಳಿಗ್ಗೆ ಬಿಡಬೇಕು ಎಂಬುದೇ ಅವರ ಲೆಕ್ಕ. ಆ ಬಿಟ್ಟ ಬೆಳಗಿನ ಊಟವೇ ಇಂದು ರಾತ್ರಿಯ ಬಿಂಜನ್ನು ತರುತ್ತದೆ.

ಹೊಸ ಅಡುಗೆ ಬೇಡ, ಮನೆಯಲ್ಲಿ ಆಗುವುದೇ ಸಾಕು. ಬೆಳಿಗ್ಗೆ ಬೆಣ್ಣೆ ಹಚ್ಚಿದ ದೋಸೆ, ಚಟ್ನಿ, ಹಾಲು. ಹತ್ತೂವರೆಗೆ ಬಾಳೆಹಣ್ಣು, ಶೇಂಗಾ ಚಿಕ್ಕಿ. ಮಧ್ಯಾಹ್ನ ಅನ್ನ, ತೆಂಗಿನಕಾಯಿ ಅರೆದ ಮೀನು ಸಾರು, ಹುರಿದ ಮೀನು, ಪಲ್ಯ. ನಾಲ್ಕಕ್ಕೆ ಅವಲಕ್ಕಿ ಅಥವಾ ರಾಗಿ ಮಣ್ಣಿ. ರಾತ್ರಿ ಮತ್ತೆ ಅನ್ನ ಅಥವಾ ಚಪಾತಿ, ಮೊಟ್ಟೆ ಅಥವಾ ಬೇಳೆ. ಮಲಗುವ ಮುನ್ನ ಹಾಲು. ಶಿರಸಿ ಕಡೆಯ ಸಸ್ಯಾಹಾರಿ ಮನೆಯಾದರೆ ತುಪ್ಪ, ಮೊಸರು, ಬೇಳೆ, ಗೇರುಬೀಜ ಆ ಜಾಗ ತುಂಬಲಿ.

ಸಾಮಾನ್ಯವಾಗಿ ಎಡವುವ ಜಾಗಗಳಿವು. ಊಟಕ್ಕೆ ಮೊದಲೇ ಎರಡು ಲೋಟ ಸೋಲ್ ಕಡಿ, ಮಜ್ಜಿಗೆ, ನೀರು ಕುಡಿದು ಹೊಟ್ಟೆ ತುಂಬಿಸಿಕೊಳ್ಳುವುದು. ತೆಳು ಗಂಜಿ: ತಟ್ಟೆ ತುಂಬ ಕಾಣುತ್ತದೆ, ಶಕ್ತಿ ಕಡಿಮೆ, ಗಂಜಿಯೇ ಬೇಕೆಂದರೆ ಗಟ್ಟಿ ಮಾಡಿ ತುಪ್ಪವೋ ಕಾಯಿಹಾಲೋ ಹಾಕಿ. ಬಂಗಡೆಯ ಮುಳ್ಳು ಬಿಡಿಸುತ್ತಾ ಬಿಡಿಸುತ್ತಾ ಅರ್ಧ ಗಂಟೆ ಕಳೆಯುವುದು ಇನ್ನೊಂದು. ತಟ್ಟೆಯ ಅಂಚಿಗೆ ಮುಳ್ಳಿನ ಜೊತೆ ಮೀನೂ ಸೇರಿ ಗುಡ್ಡೆಯಾಗುತ್ತದೆ, ಬಾಯಿಗೆ ಹೋದದ್ದು ನಾಲ್ಕು ಎಸಳು. ಮುಳ್ಳು ತೆಗೆದೇ ಬಡಿಸಿ, ಇಲ್ಲವೇ ಸದ್ಯಕ್ಕೆ ಇಸ್ವಾಣದ ತುಂಡು ತನ್ನಿ.

ಮಕ್ಕಳು, ಹದಿಹರೆಯದವರಾದರೆ ಏನು, ಎಷ್ಟು, ಯಾವಾಗ ಎಂಬ ಮೂರನ್ನೂ ಅಪ್ಪ ಅಮ್ಮ ನಿರ್ಧರಿಸಬೇಕು; ಬಡಿಸುವ ಸೌಟು ಮಗಳ ಕೈಗೆ ಬೇಡ. ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ 1980ರ ದಶಕದಲ್ಲಿ ರೂಪುಗೊಂಡ ಕುಟುಂಬ ಆಧಾರಿತ ಚಿಕಿತ್ಸೆಯ ತಿರುಳು ಇಷ್ಟೇ: ಮೊದಲು ಹೆತ್ತವರು ಊಟದ ಹೊಣೆ ಹೊರುತ್ತಾರೆ, ಆರೋಗ್ಯ ಮರಳಿದಂತೆ ಹಂತ ಹಂತವಾಗಿ ಮಗುವಿಗೆ ಬಿಟ್ಟುಕೊಡುತ್ತಾರೆ. ಊಟಕ್ಕೆ ಸುಮಾರು 30 ನಿಮಿಷ, ತಿಂಡಿಗೆ 15. ಮುಗಿದ ಮೇಲೆ ಒಂದು ಗಂಟೆ ಯಾರಾದರೂ ಜೊತೆಗಿರಬೇಕು. ಕುಟುಂಬದ ಸಂಜೆ ಪ್ರಾರ್ಥನೆಯನ್ನು ಈ ಒಂದು ಗಂಟೆಗೆ ಸರಿಸಿಕೊಂಡರೆ ಎರಡೂ ಕೆಲಸ ಆಗುತ್ತದೆ. ತೂಕದ ಯಂತ್ರ ಅಟ್ಟಕ್ಕೆ ಹೋಗಲಿ. ತೂಕ ನೋಡುವುದು ವೈದ್ಯರ ಬಳಿ ಮಾತ್ರ.

ಮೊದಲ ವಾರಗಳಲ್ಲಿ ಹೊಟ್ಟೆ ಉಬ್ಬರ, ಮಲಬದ್ಧತೆ, ಕಾಲು ಊತ, ರಾತ್ರಿ ಬೆವರು ಸಾಮಾನ್ಯ. ಬಹುಕಾಲ ಖಾಲಿಯಿದ್ದ ಜಠರ ನಿಧಾನವಾಗಿ ಖಾಲಿಯಾಗುತ್ತದೆ, ಅದಕ್ಕೇ ನಾಲ್ಕು ತುತ್ತಿಗೇ ತುಂಬಿದಂತೆ. ಊಟ ಮುಂದುವರಿಸಿದರೆ ಇದು ಸರಿಹೋಗುತ್ತದೆ. ಕಾಲು ಊತ ಕಂಡರೆ ವೈದ್ಯರಿಗೆ ತಿಳಿಸಿ.

ಊಟಕ್ಕೆ ಕುಳಿತಾಗ ಏನು ಮಾತಾಡಬೇಕು?

ಕಡಿಮೆ. "ಇನ್ನೊಂದು ತುತ್ತು", "ನಾನಿಲ್ಲೇ ಇದ್ದೇನೆ" ಸಾಕು. ಊಟದ ಗುಣ, ತೂಕ, "ಎಷ್ಟು ಚೆನ್ನಾಗಿ ತಿಂದೆ" ಎಂಬ ಹೊಗಳಿಕೆ ಯಾವುದೂ ಬೇಡ. ಊಟದ ಮುಂಚಿನ ಪ್ರಾರ್ಥನೆ ಚಿಕ್ಕದಾಗಿರಲಿ. "ಇವಳು ತಿನ್ನುವಂತೆ ಮಾಡು ಸ್ವಾಮಿ" ಎಂದು ಎಲ್ಲರ ಮುಂದೆ ಬೇಡಬೇಡಿ, ಅದು ಬೈಗುಳದಂತೆ ಕೇಳಿಸುತ್ತದೆ. "ಆಫ್ರಿಕಾದಲ್ಲಿ ಮಕ್ಕಳು ಹಸಿದಿವೆ" ಎಂಬ ಮಾತಂತೂ ಬೇಡವೇ ಬೇಡ.

ತಪಸ್ಸು ಕಾಲ ಬಂತು. ಉಪವಾಸ ಮಾಡದಿದ್ದರೆ ಪಾಪವಲ್ಲವೇ?

ಅಲ್ಲ. ಕಥೋಲಿಕ ಧರ್ಮಸಭೆಯ ಕಾನೂನಿನಲ್ಲಿ ಉಪವಾಸ ಕಡ್ಡಾಯವಿರುವುದು ಬೂದಿ ಬುಧವಾರ ಮತ್ತು ಶುಭ ಶುಕ್ರವಾರ, ಎರಡೇ ದಿನ. ಅದೂ 18 ತುಂಬಿದವರಿಗೆ, 59 ತುಂಬುವವರೆಗೆ. ಮಾಂಸವರ್ಜನೆ 14 ತುಂಬಿದವರಿಗೆ. ಈ ವಯಸ್ಸಿನೊಳಗಿನವರಾದರೂ ಅನಾರೋಗ್ಯ ಇದ್ದವರನ್ನು ಇದು ಕಟ್ಟಿಹಾಕುವುದಿಲ್ಲ, ಊಟದ ಕಾಯಿಲೆಯೂ ಅನಾರೋಗ್ಯವೇ. 16 ವರ್ಷದ ಹುಡುಗಿ ನಲವತ್ತು ದಿನ ಒಪ್ಪತ್ತು ಮಾಡುತ್ತೇನೆಂದರೆ ಧರ್ಮಸಭೆ ಅದನ್ನು ಅವಳಿಂದ ಕೇಳಿಯೇ ಇಲ್ಲ.

ಆದರೆ ಕಾಯಿಲೆಯ ಮನಸ್ಸು ಈ ವಾದವನ್ನು ಅಷ್ಟು ಸುಲಭಕ್ಕೆ ಒಪ್ಪದು. "ವಿನಾಯಿತಿ ಬೇರೆಯವರಿಗೆ, ನನಗಲ್ಲ" ಎನ್ನುತ್ತದೆ. ಆದ್ದರಿಂದ ಬೂದಿ ಬುಧವಾರಕ್ಕೆ ಒಂದೆರಡು ವಾರ ಮೊದಲೇ ಧರ್ಮಕೇಂದ್ರದ ಗುರುಗಳ ಬಳಿ ಹೋಗಿ ಅವರ ಬಾಯಿಂದಲೇ ಹೇಳಿಸಿ: ಈ ವರ್ಷ ಉಪವಾಸ ಇಲ್ಲ, ವೈದ್ಯರು ಹೇಳಿದ ಊಟ ತಪ್ಪಿಸುವಂತಿಲ್ಲ. ಇಡೀ ತಪಸ್ಸು ಕಾಲಕ್ಕೆ ಒಂದೇ ಸಲ ಹೇಳಿಸಿಕೊಳ್ಳಿ. ಪ್ರತಿ ಶುಕ್ರವಾರ ಹೊಸದಾಗಿ ಚರ್ಚೆಗೆ ಎಡೆ ಬೇಡ. ಏನಾದರೂ ಬಿಡಲೇಬೇಕೆಂದರೆ ಕನ್ನಡಿ ಮುಂದೆ ನಿಲ್ಲುವುದನ್ನು, ಇನ್‌ಸ್ಟಾಗ್ರಾಂನ ಫಿಟ್ನೆಸ್ ವಿಡಿಯೊಗಳನ್ನು, ಕ್ಯಾಲೊರಿ ಆಪ್ ಅನ್ನು ಬಿಡಲಿ. ಅದು ಅವರಿಗೆ ನಿಜಕ್ಕೂ ಕಷ್ಟ. ಶುಕ್ರವಾರದ ಮೀನೂಟ ಮಾಮೂಲಿಯಂತೆ ನಡೆಯಲಿ.

ಸಂತರ ಉಪವಾಸದ ಉದಾಹರಣೆ ಬಂದೇ ಬರುತ್ತದೆ, ಮುಖ್ಯವಾಗಿ ಸಿಯೆನಾದ ಸಂತ ಕ್ಯಾಥರೀನ್ (1347-1380). ತಿನ್ನಬೇಕೆಂದು ಆಕೆಗೆ ಆಕೆಯ ಆತ್ಮಗುರುಗಳೇ ಆಜ್ಞೆ ಮಾಡಿದ್ದರು ಎಂಬುದನ್ನೂ, 33ಕ್ಕೇ ತೀರಿಕೊಂಡರು ಎಂಬುದನ್ನೂ ಸೇರಿಸಿ ಹೇಳಿ. ಪ್ರವಚನಗಳಲ್ಲಿ ಮೊದಲರ್ಧ ಮಾತ್ರ ಕೇಳಿಬರುತ್ತದೆ.

ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ನಿಯಮ?

ಪರಮಪ್ರಸಾದ ಸ್ವೀಕರಿಸುವ ಒಂದು ಗಂಟೆ ಮುಂಚಿನಿಂದ ಏನೂ ತಿನ್ನಬಾರದೆಂಬ ಆ ನಿಯಮಕ್ಕೆ ನೀರು, ಔಷಧಿ ಸೇರಿಲ್ಲ. ಅಸ್ವಸ್ಥರಿಗೂ ಅವರನ್ನು ನೋಡಿಕೊಳ್ಳುವವರಿಗೂ ಆ ಒಂದು ಗಂಟೆಯೂ ಅನ್ವಯಿಸುವುದಿಲ್ಲ. ಬೆಳಗಿನ ಬಲಿಪೂಜೆಗೆ ತಿಂಡಿ ತಿಂದೇ ಹೋಗಿ. ಪ್ರಸಾದದ ರೊಟ್ಟಿಯ ಬಗ್ಗೆಯೇ ಲೆಕ್ಕ ಹಾಕುವವರಿದ್ದಾರೆ. ಗೋಧಿ ಮತ್ತು ನೀರು ಬಿಟ್ಟು ಅದರಲ್ಲಿ ಬೇರೇನೂ ಇಲ್ಲ, ಒಂದು ಗ್ರಾಂ ಕೂಡ ತೂಗದು. ಆ ಭಯ ಕಾಡುತ್ತಿದ್ದರೆ ಗುರುಗಳಿಗೂ ಮನೋವೈದ್ಯರಿಗೂ ತಿಳಿಸಿ, ಕಾಯಿಲೆ ಎಷ್ಟು ಆಳಕ್ಕಿಳಿದಿದೆ ಎಂದು ಅದು ತೋರಿಸುತ್ತದೆ.

ಹೆಚ್ಚು ತಿಂದದ್ದನ್ನು, ವಾಂತಿ ಮಾಡಿದ್ದನ್ನು ಪ್ರತಿ ಸಲ ಪಾಪನಿವೇದನೆಯಲ್ಲಿ ಹೇಳಬೇಕೇ?

ಕಥೋಲಿಕ ಧರ್ಮೋಪದೇಶದ 1735ನೇ ಕಂಡಿಕೆ ಸ್ಪಷ್ಟ: ಭಯ, ರೂಢಿ, ಮಾನಸಿಕ ಕಾರಣಗಳು ಮನುಷ್ಯನ ಹೊಣೆಯನ್ನು ಕಡಿಮೆ ಮಾಡಬಲ್ಲವು, ಇಲ್ಲವಾಗಿಸಲೂ ಬಲ್ಲವು. ಬಿಂಜ್ ಎಂಬುದು ಹೊಟ್ಟೆಬಾಕತನವಲ್ಲ. ಹಸಿವೂ ದುಗುಡವೂ ಸೇರಿ ತಳ್ಳಿದ್ದು.

ಪದೇ ಪದೇ ನಿವೇದಿಸುವುದೇ ಒಂದು ಚಟವಾಗುವ ಅಪಾಯವಿದೆ: ತಿಂದೆ, ಹೊಲಸಾದೆ, ನಿವೇದಿಸಿ ಶುದ್ಧಳಾದೆ. ವಾಂತಿಯ ಸುತ್ತು ಹೇಗೋ ಇದೂ ಹಾಗೆಯೇ. ಒಬ್ಬರೇ ಗುರುಗಳನ್ನು ಹಿಡಿಯಿರಿ. ಚರ್ಚಿನಿಂದ ಚರ್ಚಿಗೆ ಹೋಗಬೇಡಿ. ಎಷ್ಟು ದಿನಕ್ಕೊಮ್ಮೆ ಎಂದು ಅವರೇ ಗೊತ್ತುಮಾಡಲಿ. ಏನೇನು ತಿಂದೆ ಎಂಬ ಪಟ್ಟಿ ಒಪ್ಪಿಸಬೇಡಿ.

ಇನ್ನೊಂದು, ಬಹಳ ಜನ ಮರೆಯುವ ಮಾತು: ನಿವೇದನೆಯಲ್ಲಿ ಕೇಳಿದ್ದನ್ನು ಗುರುಗಳು ನಿಮ್ಮ ತಾಯಿಗೂ ಹೇಳುವಂತಿಲ್ಲ, ವೈದ್ಯರಿಗೂ ಹೇಳುವಂತಿಲ್ಲ. ಅವರ ಸಹಾಯ ಬೇಕಿದ್ದರೆ ಅದೇ ವಿಷಯವನ್ನು ನಿವೇದನೆಯ ಹೊರಗೆ, ಪಡಸಾಲೆಯಲ್ಲಿ ಕೂತು ಮತ್ತೊಮ್ಮೆ ಹೇಳಿ. ಆಗ ಮಾತ್ರ ಅವರು ಮನೆಯವರೊಂದಿಗೆ ಮಾತಾಡಬಲ್ಲರು, ಆಸ್ಪತ್ರೆಗೆ ಜೊತೆಗೆ ಬರಬಲ್ಲರು.

ವಾಂತಿ ಮಾಡುವುದನ್ನು ನಿಲ್ಲಿಸುವುದು ಹೇಗೆ?

ಮೊದಲು ತಿಳಿಯಬೇಕಾದ್ದು: ವಾಂತಿ ಮಾಡಿದರೂ ತಿಂದದ್ದರಲ್ಲಿ ಸಾಕಷ್ಟು ಒಳಗೇ ಉಳಿಯುತ್ತದೆ. ಭೇದಿ ಮಾತ್ರೆ ದೊಡ್ಡ ಕರುಳಿನಲ್ಲಿ ಕೆಲಸ ಮಾಡುತ್ತದೆ, ಆಹಾರ ಅದಕ್ಕೂ ಮುಂಚೆ ಸಣ್ಣ ಕರುಳಿನಲ್ಲೇ ಹೀರಿಕೊಂಡಿರುತ್ತದೆ. ಹೊರಹೋಗುವುದು ನೀರು, ಲವಣ. ಹೋಗುವ ಪೊಟ್ಯಾಸಿಯಂ ಹೃದಯಕ್ಕೆ ಬೇಕಾದದ್ದು.

ಆಸೆ ಅಲೆಯಂತೆ ಏರಿ ಇಳಿಯುತ್ತದೆ. ಮೊದಲು ಹತ್ತು ನಿಮಿಷ ತಡ ಮಾಡಿ, ಆಮೇಲೆ ಇಪ್ಪತ್ತು. ಬಚ್ಚಲಿನಿಂದ ದೂರ, ಜನರಿರುವಲ್ಲಿ ಕೂತು ಜಪಸರದ ಒಂದು ದಶಕ (ಹತ್ತು ಮಣಿಗಳ ಜಪ), ಇಲ್ಲವೇ ಬಾಯಿಪಾಠವಿರುವ ಒಂದು ಕೀರ್ತನೆ ಗಟ್ಟಿಯಾಗಿ ಹೇಳಿ. ಮನಸ್ಸಿನಲ್ಲೇ ಹೇಳಿದರೆ ಚಿಂತೆ ನಡುವೆ ನುಸುಳುತ್ತದೆ. ತಪ್ಪಿದರೆ ಮುಂದಿನ ಊಟ ಬಿಡಬೇಡಿ. ಕೂಡಲೇ ಹಲ್ಲುಜ್ಜಬೇಡಿ, ಆಮ್ಲದಿಂದ ಮೆತ್ತಗಾದ ಎನಾಮಲ್ ಸವೆಯುತ್ತದೆ. ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿ ಬಾಯಿ ಮುಕ್ಕಳಿಸಿ. ಬಹುಕಾಲದಿಂದ ಭೇದಿ ಮಾತ್ರೆ ನುಂಗುತ್ತಿದ್ದರೆ ನಿಲ್ಲಿಸುವ ಕ್ರಮವನ್ನು ವೈದ್ಯರಿಂದ ಕೇಳಿ.

"ದೇಹ ದೇವಾಲಯ" ಎಂಬ ವಾಕ್ಯ ಓದಿಸಬಹುದೇ?

ಸದ್ಯಕ್ಕೆ ಬೇಡ. 1 ಕೊರಿಂಥ 6ರ ಆ ಮಾತು ಊಟದ ಬಗ್ಗೆ ಅಲ್ಲ, ಲೈಂಗಿಕ ಅನೈತಿಕತೆಯ ಬಗ್ಗೆ. ಡಯಟ್ ಪ್ರಚಾರಕರು ಅದನ್ನು ಎಳೆದುತಂದಿದ್ದಾರೆ. ಅದರ ಬದಲು ಕೊಲೊಸ್ಸೆ 2:20-23 ಓದಿ. ಮುಟ್ಟಬೇಡ, ರುಚಿ ನೋಡಬೇಡ ಎಂಬ ಕಟ್ಟಳೆಗಳೂ ದೇಹದಂಡನೆಯೂ ನೋಡಲು ಜ್ಞಾನದಂತಿದ್ದರೂ ಪ್ರಯೋಜನವಿಲ್ಲ ಎಂದು ಪೌಲ ನೇರವಾಗಿಯೇ ಬರೆದಿದ್ದಾನೆ. ಮಾರ್ಕ 5ರಲ್ಲಿ ಯಾಯೀರನ ಹನ್ನೆರಡು ವರ್ಷದ ಮಗಳನ್ನು ಎಬ್ಬಿಸಿದ ಮೇಲೆ ಯೇಸು, ಅವಳಿಗೆ ತಿನ್ನಲು ಕೊಡಿ ಎನ್ನುತ್ತಾರೆ. ಯೊವಾನ್ನ 21ರಲ್ಲಿ ಪುನರುತ್ಥಾನರಾದ ಪ್ರಭು ದಡದಲ್ಲಿ ಕೆಂಡ ಮಾಡಿ ಮೀನು ಸುಟ್ಟು ಶಿಷ್ಯರನ್ನು ಊಟಕ್ಕೆ ಕರೆಯುತ್ತಾರೆ. ಕಾರವಾರ, ಕಾಸರಕೋಡದ ಮಕ್ಕಳಿಗೆ ಈ ಅಧ್ಯಾಯಕ್ಕೆ ವಿವರಣೆಯೇ ಬೇಡ.

ಉಪವಾಸ ಪ್ರಾರ್ಥನೆಗೆ, ಬಿಡುಗಡೆ ಕೂಟಕ್ಕೆ ಕರೆದಿದ್ದಾರೆ.

ಉಪವಾಸ ಸೇರಿರುವ ಯಾವ ಕೂಟಕ್ಕೂ ಕಳಿಸಬೇಡಿ. ಅವರ ಪರವಾಗಿ ಬೇರೆಯವರು ಉಪವಾಸ ಮಾಡಲಿ. "ಅಶುದ್ಧಾತ್ಮ ಹಿಡಿದಿದೆ" ಎಂದವರಿಗೆ ಅವಳು ಈ ವಾರ ಎಷ್ಟು ಹೊತ್ತು ಉಂಡಿದ್ದಾಳೆ ಎಂದು ಕೇಳಿ. ಮಾತ್ರೆ ಬಿಡಿ ಎನ್ನುವ ಜಾಗದಿಂದ ಎದ್ದು ಬನ್ನಿ. ಕಥೋಲಿಕರು ರೋಗಿಗಳ ತೈಲಾಭ್ಯಂಗವನ್ನು ಕೇಳಿಕೊಳ್ಳಬಹುದು. ಅದು ಸಾಯುವವರಿಗೆ ಮಾತ್ರ ಎಂಬುದು ಹಳೆಯ ತಪ್ಪು ತಿಳಿವಳಿಕೆ. ಸ್ಥಿತಿ ಗಂಭೀರವಾಗಿದ್ದರೆ, ಆಸ್ಪತ್ರೆಗೆ ಸೇರುವ ಮುನ್ನ ಕೇಳಿಕೊಳ್ಳುವುದು ಸಹಜ.

ಹಬ್ಬ, ಮದುವೆ, ಚಂದಾವರದ ಫೆಸ್ತ್ (ಚರ್ಚಿನ ಹಬ್ಬ) ಬಂದಾಗ?

ಚಿಕಿತ್ಸೆ ಶುರುವಾದ ಮೇಲಿನ ಮೊದಲ ಕ್ರಿಸ್ಮಸ್ ಕಷ್ಟ. ನೆವ್ರಿ, ಕುಲ್ಕುಲ್‌ನಂಥ ಸಿಹಿತಿಂಡಿಯ ಡಬ್ಬಿಗಳು ಕಣ್ಣೆದುರೇ ಇರುತ್ತವೆ. ಬಿಂಜ್ ಇರುವವರಿಗೆ ಡಬ್ಬಿಗಿಂತ ತಟ್ಟೆಗೆ ಹಾಕಿ ಎಲ್ಲರೊಂದಿಗೆ ಕೊಡುವುದು ಒಳ್ಳೆಯದು, ಪೂರ್ತಿ ನಿಷೇಧಿಸಿದರೆ ರಾತ್ರಿ ಡಬ್ಬಿ ಖಾಲಿಯಾಗುತ್ತದೆ. ಡಿಸೆಂಬರ್ 3ರ ಚಂದಾವರದ ಹಬ್ಬಕ್ಕೆ ಹೊರಟರೆ ಬೆಳಗಿನ ಊಟ ಮುಗಿಸಿ, ತಿಂಡಿ ಕಟ್ಟಿಕೊಂಡು ಹೊರಡಿ; ಅಲ್ಲಿನ ನೂಕುನುಗ್ಗಲಲ್ಲಿ ಊಟದ ಹೊತ್ತು ತಪ್ಪುವುದು ಖಚಿತ.

ನೆಂಟರ ಬಾಯಿ ಮುಚ್ಚಿಸುವುದು ದೊಡ್ಡ ಕೆಲಸ. "ಈಗ ಕೆನ್ನೆ ತುಂಬಿಕೊಂಡಿದೆ, ಚೆಂದ ಕಾಣ್ತೀಯ" ಎಂಬ ಮೆಚ್ಚುಗೆಯೂ ಆ ಕಿವಿಗೆ "ದಪ್ಪಗಾಗಿದ್ದೀಯ" ಎಂದೇ ಕೇಳಿಸುತ್ತದೆ. ಹಿಂದಿನ ದಿನವೇ ದೊಡ್ಡಮ್ಮ, ಮಾವಂದಿರಿಗೆ ಫೋನು ಮಾಡಿ: ಮೈಕಟ್ಟಿನ ಮಾತು ಬೇಡ, ಕಾಲೇಜಿನ ಬಗ್ಗೆ ಕೇಳಿ.

ಎಷ್ಟು ಕಾಲ ಹಿಡಿಯುತ್ತದೆ?

ದೇಹ ಮೊದಲು ಚೇತರಿಸಿಕೊಳ್ಳುತ್ತದೆ, ಮನಸ್ಸು ತಿಂಗಳುಗಟ್ಟಲೆ ಹಿಂದೆ ಉಳಿಯುತ್ತದೆ. ವಯಸ್ಕರ ಬುಲಿಮಿಯಾಗೆ ಮಾತಿನ ಚಿಕಿತ್ಸೆ (ಸಿಬಿಟಿ) ಸಾಮಾನ್ಯವಾಗಿ 20 ಭೇಟಿ, ಸುಮಾರು 20 ವಾರ. ತೀರಾ ಸೊರಗಿದವರಿಗೆ ಅದರ ಎರಡರಷ್ಟು. ಪೂರ್ತಿ ಗುಣವಾಗಲು ವರ್ಷಗಳೇ ಬೇಕಾಗಬಹುದು, ಗುಣವಾಗುವವರು ಬಹಳ ಜನ. ತೂಕ ಸರಿಹೋದ ಕೂಡಲೇ "ಇನ್ನು ಸಾಕು" ಎಂದು ಮೇಲ್ವಿಚಾರಣೆ ಬಿಡುವುದರಿಂದಲೇ ಹೆಚ್ಚಾಗಿ ಮರುಕಳಿಸುತ್ತದೆ. ರಜೆ ಮುಗಿಸಿ ಹಾಸ್ಟೆಲಿಗೆ ಮರಳುವಾಗ, ಪರೀಕ್ಷೆ, ಸಾವು, ನಿಶ್ಚಿತಾರ್ಥದ ಹೊತ್ತಿನಲ್ಲಿ, ಮತ್ತೆ ಬರುವ ತಪಸ್ಸು ಕಾಲದಲ್ಲಿ ಕಣ್ಣಿಡಿ. ಸತತ ಎರಡು ದಿನ ಊಟ ತಪ್ಪಿದರೆ ಅದೇ ವಾರ ವೈದ್ಯರ ಭೇಟಿ ಇಟ್ಟುಕೊಳ್ಳಿ, ಮುಂದಿನ ತಿಂಗಳ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ.